ಮಾಮಾ ಬೆಂಕಿಯಾಗುತ್ತಿದ್ದ ಸೋಮವಾರಗಳು

ನಮ್ಮ ಮಾಮಾ ದಿನಕ್ಕೆ ಒಬ್ಬರನ್ನಾದರೂ ನಪಾಸು ಮಾಡದೆ ಊಟಕ್ಕೆ ಕೂತವನಲ್ಲ. ಇದನ್ನು ಓದಿ ನೀವು ನಕ್ಕಿರೋ, ನಿಮ್ಮನ್ನೂ ಮಾಡುತ್ತಾನೆ. ಹುಷಾರು!

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಕುಷ್ಟಗಿ, ಯಲಬುರ್ಗಾ ಕಡೆಯ ಕನ್ನಡ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ, ಕೊನೆಗೆ ಅಳವಂಡಿಯಲ್ಲಿ ಹೆಡ್‌ಮಾಸ್ತರನಾಗಿ ನಿವೃತ್ತನಾದವನು. ಆ ಊರಿನ ಅರ್ಧ ಜನ ಅವನ ಕೈಯಲ್ಲಿ ನಪಾಸಾದವರು. ಇನ್ನರ್ಧ ಜನ ಅವನಿಗೆ ಹೆದರಿ ಬೇರೆ ಊರಿನಲ್ಲಿ ಓದಿದವರು. ಯಾರನ್ನೂ ನಪಾಸು ಮಾಡಬಾರದೆಂದು ಮೇಲಿನಿಂದ ಆದೇಶ ಬಂದಾಗ ಮಾಮಾ ತಲೆಬಾಗಿ ಒಪ್ಪಿಕೊಂಡನಂತೆ. ಅಂಕಪಟ್ಟಿಯಲ್ಲಿ ಪಾಸು ಎಂದು ಬರೆದು, ಕೊಡುವಾಗ ಕಿವಿಯಲ್ಲಿ "ನೀ ಖರೇ ಅಂದ್ರ ನಪಾಸ್ ಅದಿ, ತಿಳಕೋ" ಎಂದು ಹೇಳಿ ಕಳಿಸುತ್ತಿದ್ದನಂತೆ!

ಇಂಥವನು ನಿವೃತ್ತನಾದರೆ ಮನೆಯವರ ಗತಿಯೇನು? ಮೊದಲ ವಾರ ಅತ್ತೆಯ ಉಪ್ಪಿಟ್ಟು ನಪಾಸಾಯಿತು. ಆಮೇಲೆ ಹಾಲಿನವನು, ಕೇಬಲ್ಲಿನವನು, ಮೀಟರ್ ನೋಡಲು ಬಂದವನು. ಗಂಗಾವತಿಗೆ ಮದುವೆಗೆ ಹೋದಾಗ ಬ್ಯಾಂಡಿನವರನ್ನು ಸಾಲಾಗಿ ನಿಲ್ಲಿಸಿ, ತಾಳ ತಪ್ಪಿದವನನ್ನು ಹಿಂದಿನ ಸಾಲಿಗೆ ಕಳಿಸಿದ. ವರನ ಮೆರವಣಿಗೆ ಅಷ್ಟು ಹೊತ್ತು ರಸ್ತೆಯಲ್ಲೇ ನಿಂತಿತ್ತು. ಅತ್ತೆ ನನ್ನ ಕೈ ಹಿಡಿದು ಬೇಡಿಕೊಂಡಳು: "ಯವ್ವಾ, ನೀ ಕಾಲೇಜಿನ್ಯಾಗ ಕಲಿಸಾಕಿ. ನಾಕ ಮಂದಿ ಪರಿಚಯ ಅದಾರ. ಇವರ್ನ ಎಲ್ಲೆರ ಕೆಲಸಕ್ಕ ಹಚ್ಚು. ಇಲ್ಲಾಂದ್ರ ನಾನ ತವರಮನಿಗೆ ಹೋಗ್ತೀನಿ."

ನಾನು ಹಚ್ಚಬೇಕಾಗಲಿಲ್ಲ. ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ, ನಾವೂ ಮಾಮಾನೂ ಇದ್ದ ಓಣಿಯ ಮೂಲೆಯಲ್ಲಿ ಒಂದು ಗೋಬಿ ಮಂಚೂರಿ ಅಂಗಡಿಯಿತ್ತು. ಅದರ ಮಾಲೀಕ ಅಂಗಡಿ ಮಾರಿ ಹೊಸಪೇಟೆಗೆ ಹೊರಟಿದ್ದ. ಒಂದು ಬೆಳಿಗ್ಗೆ ನೋಡಿದರೆ ಮಾಮಾ ಆ ಅಂಗಡಿಯ ಬಾಗಿಲಲ್ಲಿ, ಬಿಳಿ ಧೋತರ ಉಟ್ಟು, ಕೈಯಲ್ಲಿ ತೂತಿನ ಸೌಟು ಹಿಡಿದು ನಿಂತಿದ್ದ. ಹಿಂದೆ ಕಪ್ಪು ಹಲಗೆ ತೋರಿಸುತ್ತಿದ್ದ ಕೋಲನ್ನು ಹಿಡಿಯುತ್ತಿದ್ದನಲ್ಲ, ಅದೇ ಥರ!

"ಮಾಮಾ, ನಿನಗ ಗೋಬಿ ಮಾಡಾಕ ಬರ್ತೈತೇನು?"

"ನನಗ್ಯಾಕ ಬರಬೇಕು? ಕಲಿಸಾಕ ಬಂದ್ರ ಸಾಕು."

ಇದೊಂದು ಮಾತು ನೆನಪಿಡಿ. ಆಮೇಲೆ ಆದದ್ದೆಲ್ಲ ಇದರಿಂದಲೇ ಆದದ್ದು. ನಾನು ನಗುತ್ತಲೇ ಬರೆಯುತ್ತಿದ್ದೇನೆ, ನೀವೂ ಧಾರಾಳವಾಗಿ ನಗಿ, ಮಾಮಾ ಆರಾಮಾಗಿದ್ದಾನೆ. ಆದರೆ ನನಗೆ ಈಗಲೂ ಒಗ್ಗರಣೆ ಚಟ್ ಎಂದರೆ ಸಾಕು, ಕೈ ಸಾಸಿವೆ ಡಬ್ಬಿ ಬಿಟ್ಟು ಸಿಲಿಂಡರಿನ ಕಡೆ ಹೋಗುತ್ತದೆ. ಎರಡು ಸಲ ಪಲ್ಯ ಅರ್ಧಕ್ಕೇ ನಿಂತು, ಮನೆಯವರು ಚಟ್ನಿಪುಡಿಯಲ್ಲಿ ಊಟ ಮುಗಿಸಿದ್ದಾರೆ.

ಅಂಗಡಿಯ ಜೊತೆಗೆ ಇಬ್ಬರು ಕೆಲಸಗಾರರೂ ಬಂದರು. ಒಬ್ಬ ಹನುಮಪ್ಪ. ಆ ಒಲೆಯ ಮುಂದೆ ನಿಂತು ನಿಂತು ಅವನ ಮೀಸೆಯೇ ಹೊಗೆಯ ಬಣ್ಣಕ್ಕೆ ತಿರುಗಿತ್ತು. ಇನ್ನೊಬ್ಬಳು ಗಂಗವ್ವ. ಮಧ್ಯಾಹ್ನದ ಬಸ್ಸಿಗೆ ಅಳವಂಡಿಯಿಂದ ಬಂದು, ರಾತ್ರಿ ಅಂಗಡಿ ಮುಚ್ಚುವತನಕ ಕೋಸು ಹೆಚ್ಚಿ, ಪಾತ್ರೆ ತೊಳೆದು ಹೋಗುವ, ಮದುವೆಗೆ ಬಂದ ಮಗಳಿರುವ ಹೆಂಗಸು. ಮಾಮಾನ ಹೊಸ ಶಾಲೆಗೆ ಇಬ್ಬರೇ ವಿದ್ಯಾರ್ಥಿಗಳು. ತರಗತಿಗಳು ಮಾತ್ರ ನಾಲ್ಕು!

ಒಂದನೇ ಕ್ಲಾಸಿನಲ್ಲಿ ಉಳ್ಳಾಗಡ್ಡಿ ಸುಲಿಯುವುದು, ಕೋಸು ಹೆಚ್ಚುವುದು. ಎರಡರಲ್ಲಿ ಹಿಟ್ಟು ಕಲಸುವುದು. ಮೂರರಲ್ಲಿ ಎಣ್ಣೆಗೆ ಬಿಡುವುದು. ನಾಲ್ಕನೆಯದು ಎಲ್ಲಕ್ಕಿಂತ ಮೇಲಿನದು: ಭರ್ರೆಂದು ಉರಿಯುವ ದೊಡ್ಡ ಒಲೆಯ ಮುಂದೆ ನಿಂತು, ಕಡಾಯಿಯನ್ನು ಒಂದೇ ಕೈಯಲ್ಲಿ ಹಿಡಿದು, ಒಳಗಿದ್ದದ್ದನ್ನು ಗಾಳಿಗೆ ಚಿಮ್ಮಿಸಿ ಮತ್ತೆ ಕಡಾಯಿಯಲ್ಲೇ ಹಿಡಿಯುವುದು. ಹನುಮಪ್ಪ ಇದನ್ನು ಕಣ್ಣು ಮುಚ್ಚಿ ಮಾಡುತ್ತಿದ್ದ. ಆದರೆ ಮಾಮಾ ಅವನನ್ನೂ ಒಂದನೇ ಕ್ಲಾಸಿಗೇ ಕೂಡಿಸಿದ.

"ಸರ, ನಾ ಇದನ್ನೆಲ್ಲಾ ದಾಟಿ ಬಂದೀನ್ರಿ."

"ದಾಟಿದ್ದು ಯಾರು ನೋಡ್ಯಾರು?"

ಹನುಮಪ್ಪ ಒಮ್ಮೆ ಆಕಾಶ ನೋಡಿದ, ಒಮ್ಮೆ ಗಂಗವ್ವನನ್ನು ನೋಡಿದ, ಆಮೇಲೆ ಉಳ್ಳಾಗಡ್ಡಿ ಸುಲಿಯಲು ಕೂತ. ಕಣ್ಣಲ್ಲಿ ನೀರು. ಉಳ್ಳಾಗಡ್ಡಿಯದೋ, ಅವಮಾನದ್ದೋ, ದೇವರೇ ಬಲ್ಲ.

ಸಂಜೆ ಅಂಗಡಿ ತೆರೆಯುವ ಮೊದಲು ಹಾಜರಿ. ಇಬ್ಬರೂ ಎದುರಿಗೇ ನಿಂತಿದ್ದರೂ ಮಾಮಾ ಜೋರಾಗಿ ಹೆಸರು ಕರೆಯುತ್ತಿದ್ದ. ಅವರೂ ಜೋರಾಗಿ "ಹಾಜರ್ರಿ ಸರ" ಎನ್ನಬೇಕು. ಆಮೇಲೆ ಉಗುರು ತಪಾಸಣೆ. ಹನುಮಪ್ಪನ ಮೀಸೆ ಎಷ್ಟಿರಬೇಕೆಂಬುದಕ್ಕೂ ನಿಯಮ ಬಂತು. ತಲೆಗೆ ಟೊಪ್ಪಿಗೆ, ಮೈಗೆ ಅಂಟಿಕೊಂಡ ತೋಳಿನ ಅಂಗಿ, ಗಂಗವ್ವನ ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿರಬೇಕು. ಒಲೆಯ ಹತ್ತಿರ ಜೋತಾಡುವ ಬಟ್ಟೆ ಕೂಡದು. ಈ ನಿಯಮವನ್ನು ಮಾಮಾ ತನ್ನ ಧೋತರದ ಉದ್ದನೆಯ ಚುಂಗನ್ನು ಕೈಯಲ್ಲಿ ಹಿಡಿದು ಬೀಸುತ್ತಲೇ ಬೋಧಿಸುತ್ತಿದ್ದ.

"ಮತ್ತ ನಿನ್ನ ಧೋತರ?" ಎಂದೆ ಒಂದು ಸಲ.

"ಸಮವಸ್ತ್ರ ಹುಡುಗರಿಗೆ ಯವ್ವಾ, ಮಾಸ್ತರಿಗಲ್ಲ."

ಕಡಾಯಿ ಚಿಮ್ಮಿಸುವ ಅಭ್ಯಾಸವೆಲ್ಲ ಒಲೆ ಹಚ್ಚದೆ, ಒಣ ಜೋಳ ತುಂಬಿದ ಕಡಾಯಿಯಲ್ಲಿ, ಅಂಗಡಿಯ ಮುಂದಿನ ಕಟ್ಟೆಯ ಮೇಲೆ. ಮೊದಮೊದಲು ಗಂಗವ್ವ ಚಿಮ್ಮಿಸಿದ ಜೋಳ ಕಡಾಯಿ ಒಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಬೀಳುತ್ತಿತ್ತು. ಭಾಗ್ಯನಗರದ ಗುಬ್ಬಿಗಳು ಆ ದಿನಗಳಲ್ಲಿ ಎಷ್ಟು ಮೈ ಬಂದಿದ್ದವೆಂದರೆ, ತಂತಿಯ ಮೇಲೆ ಕೂತರೆ ತಂತಿ ಬಾಗುತ್ತಿತ್ತು!

ಗಿರಾಕಿಗಳಿಗಾದರೂ ಸುಖವಿತ್ತೇ? ಗಿರಾಕಿ ಎಂದರೆ ಮಾಮಾನ ಲೆಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕ. ತಿಂದು ಸುಮ್ಮನೆ ಎದ್ದು ಹೋಗುವ ಹಾಗಿಲ್ಲ.

"ಹ್ಯಾಂಗಾಗೈತ್ರಿ?"

"ಛಲೋ ಐತ್ರಿ ಮಾಸ್ತರ."

"ಛಲೋ ಐತಿ ಅನ್ನೂದು ಉತ್ತರ ಅಲ್ಲ. ಕಾರಣ ಕೊಟ್ಟು ವಿವರಿಸ್ರಿ."

ಬಾಯಲ್ಲಿ ಬಿಸಿ ಗೋಬಿ ಇಟ್ಟುಕೊಂಡು ಯಾರು ತಾನೇ ಕಾರಣ ಕೊಟ್ಟಾರು? ಒಬ್ಬರು ಬ್ಯಾಂಕಿನವರು ಪಾಪ, "ಹೊರಗ ಗರಿಗರಿ, ಒಳಗ ಮೆತ್ತಗ" ಎಂದು ಶುರು ಮಾಡಿ, ಉಪಸಂಹಾರ ಮರೆತು ನಪಾಸಾಗಿ ಹೋದರು. ಇನ್ನೊಬ್ಬ ಗೋಬಿ ಕೆಂಪಗಿಲ್ಲ ಎಂದು ತಕರಾರು ತೆಗೆದ. ಬಣ್ಣದ ಪುಡಿಯನ್ನು ಅಂಗಡಿಯೊಳಗೆ ತಂದವರಿಗೆ ಮಾಮಾನ ಶಾಲೆಯಿಂದ ಸೀದಾ ಹೆಸರು ಕಡಿತ. "ಕೆಂಪು ಬೇಕಾದ್ರ ಮನಿಗೆ ಹೋಗಿ ಕುಂಕುಮ ಹಚ್ಕೋರಿ" ಎಂದುಬಿಟ್ಟ. ಆದರೂ ಜನ ಬಂದರು. ಯಾಕೆ ಬರುತ್ತಿದ್ದರು ಎನ್ನುತ್ತೀರಾ? ಗೋಬಿ ನಿಜಕ್ಕೂ ಚೆನ್ನಾಗಿತ್ತು. ಜೊತೆಗೆ ಬೇರೆ ಯಾವ ಅಂಗಡಿಯಲ್ಲೂ ಸಿಗದ ಒಂದು ಮನರಂಜನೆ ಇಲ್ಲಿ ಸಿಗುತ್ತಿತ್ತು.

ಅದು ಸೋಮವಾರ ಸಂಜೆಯ ಕಾರ್ಯಕ್ರಮ. ಮಾಮಾ ಅದನ್ನು 'ಪ್ರಾತ್ಯಕ್ಷಿಕೆ' ಎನ್ನುತ್ತಿದ್ದ. ಗಂಗವ್ವ 'ಬೆಂಕಿ ಆಟ' ಎನ್ನುತ್ತಿದ್ದಳು. ಅಂಗಡಿಯಲ್ಲಿ ಬೆಂಕಿ ಬಿದ್ದರೆ ಕೆಲಸಗಾರರು ಏನು ಮಾಡಬೇಕು ಎಂದು ಕಲಿಸುವ ಪಾಠ. ಬೇರೆಯವರಾದರೆ ಬಾಯಲ್ಲಿ ಹೇಳಿ ಮುಗಿಸುತ್ತಿದ್ದರು. ಮಾಮಾ ಅಷ್ಟಕ್ಕೆ ಬಿಡುವವನೇ? ಬೆಂಕಿ ಇಲ್ಲದೆ ಬೆಂಕಿಯ ಪಾಠ ಹೇಗೆ ಎಂದು ಯೋಚಿಸಿ, ತಾನೇ ಬೆಂಕಿಯಾದ!

ಹೌದು, ಸರಿಯಾಗಿಯೇ ಓದಿದ್ದೀರಿ. ನಿವೃತ್ತಿಯ ದಿನ ಅಳವಂಡಿಯವರು ಹೊದಿಸಿದ್ದ ಕೆಂಪು ಶಾಲನ್ನು ಮೈಗೆ ಸುತ್ತಿಕೊಂಡು, ಎರಡೂ ಕೈ ಮೇಲೆತ್ತಿ ಬೆರಳು ಆಡಿಸುತ್ತ, "ಬೆಂಕಿ! ಬೆಂಕಿ!" ಎಂದು ಕೂಗುತ್ತ ಒಲೆಯ ಕಡೆಯಿಂದ ಹೊರಗೋಡುತ್ತಿದ್ದ. ಹನುಮಪ್ಪ ಓಡಿಹೋಗಿ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಬೇಕು, ಕಡಾಯಿಯ ಮೇಲೆ ದೊಡ್ಡ ತಗಡಿನ ಮುಚ್ಚಳ ಎಳೆಯಬೇಕು. ಗಂಗವ್ವ ಬಕೆಟ್ಟಿನಲ್ಲಿ ನೆನೆದಿರುವ ಗೋಣಿಚೀಲ ತೆಗೆದು ಬೆಂಕಿಯ ಮೇಲೆ, ಅಂದರೆ ಮಾಮಾನ ಮೇಲೆ, ಹೊಚ್ಚಿ ನೆಲಕ್ಕೆ ಕೆಡವಿ ಉರುಳಿಸಬೇಕು. ಎಣ್ಣೆಗೆ ಬಿದ್ದ ಬೆಂಕಿಗೆ ನೀರು ಸುರಿದವರು ಮೂರು ತಿಂಗಳು ಉಳ್ಳಾಗಡ್ಡಿಗೆ ವಾಪಸು.

ಕಟ್ಟೆಯ ಮೇಲೆ ಕೂತು ತಿನ್ನುವ ಖಾಯಂ ಗಿರಾಕಿಗಳಿಗೆ ಇದೆಲ್ಲ ಬಾಯಿಪಾಠವಾಗಿತ್ತು. ಮಾಮಾ "ಮೊದಲ ಏನ ಮಾಡಬೇಕು?" ಎಂದರೆ ಅವರೇ ಒಟ್ಟಾಗಿ "ರೆಗ್ಯುಲೇಟರ್ ಬಂದ್ ಮಾಡಬೇಕ್ರಿ ಸರ!" ಎನ್ನುತ್ತಿದ್ದರು. ಬೆಂಕಿ ತಮ್ಮ ಕಡೆ ಓಡಿ ಬಂದರೆ ತಟ್ಟೆ ಎತ್ತಿ, ಕಾಲು ಮಡಚಿ, ದಾರಿ ಬಿಡುತ್ತಿದ್ದರು. ನಮ್ಮ ಕಾಲೇಜಿನ ಹುಡುಗಿಯರು ಒಂದು ಸೋಮವಾರ ಇದನ್ನು ನೋಡಿ, ಮರುದಿನ ತರಗತಿಯಲ್ಲಿ "ಮೇಡಂ, ನಿಮ್ಮ ಮಾಮಾರು ಬೆಂಕಿ ಆದಾಗ ಭಾಳ ಛಲೋ ಕಾಣ್ತಾರ್ರಿ" ಎಂದಾಗ ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನ್ನಿಸಿತ್ತು.

ಈ ಆಟದಲ್ಲಿ ಪಾಸಾಗದೆ ನಾಲ್ಕನೇ ಕ್ಲಾಸು ಮುಗಿಯುತ್ತಿರಲಿಲ್ಲ. ಹನುಮಪ್ಪ ಪಾಸಾಗಿ, ಮತ್ತೆ ತನ್ನ ಹಳೆಯ ಕಡಾಯಿಯ ಮುಂದೆ ನಿಂತ. ಗಂಗವ್ವ ಮಾತ್ರ ಪ್ರತಿ ಸಲ ಇಲ್ಲೇ ನಪಾಸು. ಕಾರಣ ಕೇಳಿದರೆ ನೀವು ನಂಬಲಿಕ್ಕಿಲ್ಲ. ಆಕೆ ಗೋಣಿಚೀಲ ಹಿಡಿದು ಬಂದವಳು, ಹೊಚ್ಚುವ ಮೊದಲು ಒಂದು ಗಳಿಗೆ ನಿಂತು, "ತಪ್ಪು ತಿಳಕೋಬ್ಯಾಡ್ರಿ ಸರ" ಎನ್ನುತ್ತಿದ್ದಳು. ಆಮೇಲೆ ಕೂಸಿಗೆ ದುಪ್ಪಟಿ ಹೊದಿಸಿದ ಹಾಗೆ ಮೆಲ್ಲಗೆ ಹೊಚ್ಚುತ್ತಿದ್ದಳು.

ಗೋಣಿಚೀಲದ ಒಳಗಿಂದ ಮಾಮಾನ ಗರ್ಜನೆ: "ಬೆಂಕಿಗೆ ಯಾರರ ತಪ್ಪು ತಿಳಕೋಬ್ಯಾಡ್ರಿ ಅಂತಾರೇನು? ನಪಾಸ್!"

"ಹ್ಯಾಂಗ್ರಿ ಸರ, ಹಿರೇರ ಮೈಮ್ಯಾಲ ಕೈ ಹ್ಯಾಂಗ ಮಾಡ್ಲಿ?"

"ನಾ ಹಿರೇ ಮನಷ್ಯಾ ಅಲ್ಲ, ನಾ ಬೆಂಕಿ!"

ಕಟ್ಟೆಯ ಮೇಲಿನವರು ಚಪ್ಪಾಳೆ ತಟ್ಟುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಗಂಗವ್ವನಿಗೆ ಅದು ನಗೆಯ ಮಾತಾಗಿರಲಿಲ್ಲ. ಅಳವಂಡಿಯ ಬಸ್ ಸ್ಟ್ಯಾಂಡಿನ ಹತ್ತಿರ ಆಕೆಯ ತಮ್ಮನ ಪಂಕ್ಚರ್ ಅಂಗಡಿಯಿದೆ. ಅದರ ಪಕ್ಕದಲ್ಲಿ ಸ್ವಂತ ಗಾಡಿ ಹಾಕಬೇಕು, ದಿನಾ ಈ ಬಸ್ಸಿನ ತಿರುಗಾಟ ಬಿಡಬೇಕು, ಯಾರ ಕೈಕೆಳಗೂ ಇಲ್ಲದೆ ತನ್ನ ಒಲೆಯ ಮುಂದೆ ತಾನು ನಿಲ್ಲಬೇಕು ಎಂಬುದು ಆಕೆಯ ಆಸೆ. ಗಾಡಿ ಸಿದ್ಧವಿತ್ತು, ಜಾಗವಿತ್ತು. ಒಪ್ಪದವಳು ಗಂಗವ್ವನ ಅತ್ತೆ. "ಹೆಣ್ಮಗಳು ರಸ್ತೆದಾಗ ಬೆಂಕಿ ಮುಂದ ನಿಂತು ಕಡಾಯಿ ಹಾರಿಸೂದಂದ್ರೇನು" ಎಂದು ಹಟ ಹಿಡಿದಿದ್ದಳು. ಕಾಡಿ ಬೇಡಿದ ಮೇಲೆ ಒಂದು ಷರತ್ತು ಹಾಕಿದಳು: "ಆ ಹೆಡ್‌ಮಾಸ್ತರ ತನ್ನ ಬಾಯಿಂದ ನಿನ್ನ ಪಾಸ್ ಅಂದ್ರ ನನ್ನ ತಕರಾರಿಲ್ಲ."

ಮುದುಕಿ ಜಾಣೆ! ಮಾಮಾ ಯಾರನ್ನೂ ಪಾಸು ಮಾಡುವವನಲ್ಲ ಎಂಬುದು ಅಳವಂಡಿಯಲ್ಲಿ ಆಕೆಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆಕೆಯ ಮೂರೂ ಗಂಡುಮಕ್ಕಳು ಅವನ ಶಾಲೆಯಲ್ಲೇ ಓದಿದವರು.

ಗಂಗವ್ವನ ಕಡಾಯಿಯಿಂದ ಈಗ ಒಂದು ಕಾಳೂ ಹೊರಗೆ ಬೀಳುತ್ತಿರಲಿಲ್ಲ. ಗುಬ್ಬಿಗಳು ನಿರಾಶೆಯಿಂದ ಬೇರೆ ಓಣಿಗೆ ಹೋಗಿದ್ದವು. ನಾನು ಮಾಮಾನನ್ನು ತರಾಟೆಗೆ ತೆಗೆದುಕೊಂಡೆ. "ಆಕಿಗೆ ಎಲ್ಲಾ ಬರ್ತೈತಿ. ಸುಮ್ಮನ ಪಾಸ್ ಮಾಡಬಾರದೇನು? ನಿಂದೇನು ಗಂಟು ಹೋಗ್ತೈತಿ?"

ಮಾಮಾ ಎಂದೂ ಇಲ್ಲದ ಹಾಗೆ ಮೆಲ್ಲಗೆ ಮಾತಾಡಿದ. "ಎಲ್ಲಾ ಬರ್ತೈತಿ. ಹೊತ್ತು ಬಂದಾಗ ಮರ್ಯಾದಿ ಬಿಡಾಕ ಬರೂದಿಲ್ಲ. ಅಲ್ಲಿ ಒಬ್ಬಾಕಿನ ನಿಂತಿರ್ತಾಳ ಯವ್ವಾ. ಬೆಂಕಿ ಮುಂದ ನಿಂತು ತಪ್ಪು ತಿಳಕೋಬ್ಯಾಡ್ರಿ ಅಂತ ಕೇಳ್ಕೊಂತ ಕುಂತ್ರ ಆಕಿ ಗತಿ ಏನು?"

ಮರುದಿನ ಮಾಮಾ ಮತ್ತೆ ಎಂದಿನ ಮಾಮಾ ಆದ. ಗಂಗವ್ವ ಮುಂದಿನ ಸೋಮವಾರವೂ ತಪ್ಪು ತಿಳಕೋಬ್ಯಾಡ್ರಿ ಎಂದಳು, ಮುಂದಿನ ಸೋಮವಾರವೂ ನಪಾಸಾದಳು.

ಇನ್ನು ಆ ದಿನ. ಅದು ಸೋಮವಾರವಲ್ಲ, ಶನಿವಾರ. ಇದೂ ಮುಖ್ಯ.

ಹನುಮಪ್ಪ ತನ್ನ ಬಸುರಿ ತಂಗಿಯ ಕುಬಸಕ್ಕೆಂದು ಯಲಬುರ್ಗಾಕ್ಕೆ ಹೋಗಿದ್ದ. ಸಂಜೆ ಅಂಗಡಿಯ ಮುಂದೆ ಜಾತ್ರೆಯಂಥ ಗದ್ದಲ. ನಾನು ಕಾಲೇಜು ಮುಗಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದೆ. ಗಂಗವ್ವ ಸೆರಗು ಬಿಗಿದು ಒಲೆಯ ಕಡೆ ಬಂದಳು. "ಸರ, ಇವತ್ತೊಂದಿನ ನಾ ನಿಂದರ್ಲೇನ್ರಿ?"

"ನಾಲ್ಕನೇ ಕ್ಲಾಸ್ ಪಾಸ್ ಆಗೀಯೇನು?"

"ಇಲ್ರಿ."

"ಮತ್ತ?"

"ಮತ್ತ ಯಾರು ನಿಂದರ್ತಾರ್ರಿ?"

ಮಾಮಾ ಸುತ್ತ ನೋಡಿದ. ಕಾದು ನಿಂತ ಜನರನ್ನು ನೋಡಿದ. ಎದೆಯುಬ್ಬಿಸಿ, "ಮಾದರಿ ಪಾಠ!" ಎಂದ. ಈ ಮನುಷ್ಯ ಮನೆಯಲ್ಲಿ ಹಾಲು ಕಾಯಿಸಿದವನೂ ಅಲ್ಲ!

ಒಲೆ ಹಚ್ಚಿಸಿಕೊಂಡ. ಕಡಾಯಿಯಲ್ಲಿ ಎಣ್ಣೆ ಕಾಯುತ್ತಿತ್ತು. ಮಾಮಾ ಅದಕ್ಕೆ ಬೆನ್ನು ತಿರುಗಿಸಿ, ನಮ್ಮ ಕಡೆ ಮುಖ ಮಾಡಿ, ಸೌಟೆತ್ತಿ ಪಾಠ ಶುರು ಮಾಡಿದ. ಎಣ್ಣೆ ಎಷ್ಟು ಕಾಯಬೇಕು, ಕಾದದ್ದು ಹೇಗೆ ತಿಳಿಯಬೇಕು, ಹೆಚ್ಚು ಕಾದರೆ ಏನಾಗುತ್ತದೆ ಎಂದು ಬಹಳ ಸೊಗಸಾಗಿ ವಿವರಿಸಿದ. ಅವನು ವಿವರಿಸುವಷ್ಟು ಹೊತ್ತೂ ಹಿಂದೆ ಎಣ್ಣೆ ಕಾಯುತ್ತಲೇ ಇತ್ತು. "ಸರ, ಎಣ್ಣಿ ಹೊಗಿ ಆಡಾಕತ್ತೈತ್ರಿ" ಎಂದಳು ಗಂಗವ್ವ. "ನಡುವ ಮಾತಾಡಬಾರದು" ಎಂದ ಮಾಮಾ. ಪಾಠ ಮುಗಿಸಿ ತಿರುಗಿ, ನೀರು ಸೋರುತ್ತಿದ್ದ ಕೋಸಿನ ಹಿಟ್ಟನ್ನು ಒಂದು ಇಡೀ ಬೋಗುಣಿ ಒಮ್ಮೆಗೇ ಎಣ್ಣೆಗೆ ಸುರಿದ.

ಆಮೇಲಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬಸ್ಸಿನಲ್ಲಿ ಕೂತಾಗ ಕಾಣುತ್ತದೆ, ತರಗತಿಯಲ್ಲಿ ಪಾಠದ ನಡುವೆ ಕಾಣುತ್ತದೆ. ಎಣ್ಣೆ ಉಕ್ಕಿತು, ಉಕ್ಕಿದ್ದು ಉರಿಗೆ ಬಿತ್ತು, ಕಡಾಯಿಯ ಮೇಲೆ ತಗಡಿನ ಮಾಡಿನತನಕ ಬೆಂಕಿ ಎದ್ದಿತು. ಅದರ ಒಂದು ನಾಲಗೆ ಧೋತರದ ಚುಂಗನ್ನು ಹಿಡಿಯಿತು. ಮಾಮಾ ಎರಡೂ ಕೈ ಮೇಲೆತ್ತಿ "ಬೆಂಕಿ! ಬೆಂಕಿ!" ಎಂದು ಕೂಗುತ್ತ ಹೊರಗೋಡಿ ಬಂದ.

ಕಟ್ಟೆಯ ಮೇಲಿದ್ದವರೆಲ್ಲ ಏನು ಮಾಡಿದರು ಗೊತ್ತೇ? ತಟ್ಟೆ ಎತ್ತಿದರು, ಕಾಲು ಮಡಚಿದರು, ಒಟ್ಟಾಗಿ ಹೇಳಿದರು: "ರೆಗ್ಯುಲೇಟರ್ ಬಂದ್ ಮಾಡಬೇಕ್ರಿ ಸರ!"

ಒಬ್ಬರಂತೂ, "ಇವತ್ತ ಸೋಮವಾರ ಅಲ್ಲಲ್ರಿ ಮಾಸ್ತರ?" ಎಂದು ಕೇಳಿದರು.

"ಖರೇ ಬೆಂಕಿ! ಖರೇ!" ಎಂದು ಮಾಮಾ ಚೀರಿದ. ಇವತ್ತು ನಟನೆ ಬಹಳ ಚೆನ್ನಾಗಿದೆ ಎಂದು ಜನ ಇನ್ನಷ್ಟು ನಕ್ಕರು. ನಾನೂ ನಗುತ್ತಿದ್ದೆ. ಬಾಯಲ್ಲಿ ಗೋಬಿ ಇತ್ತು. ಆಗ ಬಟ್ಟೆ ಸುಡುವ ವಾಸನೆ ಮೂಗಿಗೆ ಬಡಿಯಿತು. ಕೆಂಪು ಶಾಲು ಎಲ್ಲಿ ಎಂದು ನೋಡಿದೆ. ಶಾಲು ಇರಲೇ ಇಲ್ಲ. ಮಾಮಾನ ಮೊಣಕಾಲಿನತನಕ ಏರುತ್ತಿದ್ದ ಕೆಂಪು ಬೇರೆಯದೇ ಆಗಿತ್ತು. ಕೂಗಬೇಕೆಂದೆ, ಗಂಟಲಿನಲ್ಲಿ ಕೋಸಿನ ಚೂರು ಸಿಕ್ಕಿಕೊಂಡಿತ್ತು.

ಒಳಗೆ ರೆಗ್ಯುಲೇಟರ್ ಟಕ್ ಎಂದಿತು. ತಗಡಿನ ಮುಚ್ಚಳ ಕಡಾಯಿಯ ಮೇಲೆ ಧಡ್ಡೆಂದು ಬಿತ್ತು. ಮರುಗಳಿಗೆಗೆ ಗಂಗವ್ವ ನೀರು ಸುರಿಯುವ ಗೋಣಿಚೀಲ ಹಿಡಿದು ಹೊರಗೆ ನುಗ್ಗಿದಳು. ಈ ಸಲ ನಿಲ್ಲಲಿಲ್ಲ, ಏನೂ ಕೇಳಿಕೊಳ್ಳಲಿಲ್ಲ.

"ಬೀಳೋ ಮುದುಕಾ!" ಎಂದಳು.

ಹೆಡ್‌ಮಾಸ್ತರ ಬಿದ್ದ! ಗೋಣಿಚೀಲದ ಸಮೇತ ಅವನನ್ನು ಕಟ್ಟೆಯಿಂದ ಚರಂಡಿಯ ಅಂಚಿನತನಕ ಉರುಳಿಸಿದಳು. ಚೀಲ ಜಾರಿ ಒಂದು ಕಡೆ ಧೋತರ ಮತ್ತೆ ಹೊತ್ತಿಕೊಂಡಾಗ ಬರಿಗೈಯಿಂದಲೇ ಬಡಿದಳು. ಬಡಿಯುತ್ತಲೇ ಬೈದಳು. ಏನೆಂದು ಬೈದಳು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ; ಸುತ್ತ ನಿಂತಿದ್ದ ಗಂಡಸರೇ ತಲೆ ತಗ್ಗಿಸಿದರು.

ಹೊಗೆ ನಿಂತಿತು. ಗೋಣಿಚೀಲದ ಒಳಗಿಂದ ಸಣ್ಣ ದನಿ ಬಂತು.

"ರೆಗ್ಯುಲೇಟರ್?"

"ಬಂದ್ ಮಾಡೇನ್ರಿ ಸರ."

"ಮುಚ್ಚಳ?"

"ಹಾಕೇನ್ರಿ ಸರ."

"ಹಂಗಾರ ನಾ ಏಳ್ಲೇನು?"

ಆಗ ನನಗೆ ಅಳು ಬಂತು ನೋಡಿ! ಅಳುತ್ತಲೇ ನಗು ಬಂತು. ಮಾಮಾ ಮಾತಾಡುತ್ತಿದ್ದಾನೆ, ಪ್ರಶ್ನೆ ಕೇಳುತ್ತಿದ್ದಾನೆ, ಅಂದರೆ ಮಾಮಾ ಇದ್ದಾನೆ. ಆಟೋದಲ್ಲಿ ಕೊಪ್ಪಳದ ದೊಡ್ಡ ದವಾಖಾನೆಗೆ ಒಯ್ಯುವಾಗ ದಾರಿಯುದ್ದಕ್ಕೂ ನನ್ನ ಹೆಗಲಿಗೆ ಒರಗಿಕೊಂಡು, "ಇಬ್ಬರ ಕೆಲಸ ಒಬ್ಬಾಕಿ ಮಾಡ್ಯಾಳ. ಇಬ್ಬರ ಕೆಲಸ ಒಬ್ಬಾಕಿ" ಎಂದು ಗೊಣಗುತ್ತಲೇ ಇದ್ದ. ನಾನು ಅವನ ಕಾಲಿನ ಕಡೆ ನೋಡದೆ, ಹೂಂ ಹೂಂ ಎನ್ನುತ್ತಿದ್ದೆ.

ಕಾಲಿನ ಹಿಂಭಾಗ ಸುಟ್ಟಿದೆ, ಆಳಕ್ಕೆ ಇಳಿದಿಲ್ಲ, ಮಾಯುತ್ತದೆ, ನಡೆಯಲು ಏನೂ ತೊಂದರೆಯಾಗುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಅತ್ತೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಇನ್ನೊಂದಿಷ್ಟು ತಡವಾಗಿದ್ದರೆ ಮಾತೇ ಬೇರೆಯಿತ್ತಂತೆ. ಮಾಮಾ ಆ ಹುಡುಗ ಡಾಕ್ಟರನ್ನೇ ದಿಟ್ಟಿಸಿ ನೋಡಿ, "ಸುಟ್ಟ ಗಾಯಕ್ಕ ಮೊದಲ ಏನ ಮಾಡಬೇಕು? ಹೇಳ್ರಿ ನೋಡೂಣು" ಎಂದ. ಡಾಕ್ಟರು ತಮಗೇ ತಿಳಿಯದೆ ಕೈಕಟ್ಟಿ ನಿಂತು, "ತಣ್ಣೀರು ಬಿಡಬೇಕ್ರಿ ಸರ" ಎಂದರು. "ಎಷ್ಟು ಹೊತ್ತು ಅಂತ ಹೇಳಲಿಲ್ಲ. ಅರ್ಧಾ ಮಾರ್ಕ್ಸ್" ಎಂದ ಮಾಮಾ. ಅತ್ತೆ ನೆಲದ ಮೇಲೆ ಕೂತಲ್ಲೇ ಹಣೆ ಬಡಿದುಕೊಂಡಳು. ಆದರೆ ಅವಳ ಮುಖದಲ್ಲಿ ಬಂದಿದ್ದ ನಗೆಯನ್ನು ನಾನು ನೋಡಿದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಗಂಗವ್ವ ಬಂದಳು. ಹಿಂದಿನ ಸಂಜೆ ನಾವೆಲ್ಲ ಮಾಮಾನ ಹಿಂದೆ ಓಡಿದ ಮೇಲೆ, ಅಂಗಡಿ ಗುಡಿಸಿ, ಎಣ್ಣೆ ಒರೆಸಿ, ಬೀಗ ಹಾಕಿಕೊಂಡು ಊರಿಗೆ ಹೋಗಿದ್ದಳು. ಹಾಸಿಗೆಯ ಹತ್ತಿರ ಬರದೆ, ಸ್ವಲ್ಪ ದೂರದಲ್ಲಿ, ಸೆರಗು ಹೊದ್ದುಕೊಂಡು ಗೋಡೆಗೆ ಅಂಟಿ ನಿಂತಳು. ಮಾಮಾ ಕಣ್ಣು ಮುಚ್ಚಿ ಮಲಗಿದ್ದ.

"ಅಕ್ಕಾರ," ಎಂದಳು ನನಗೆ, ಪಿಸುಮಾತಿನಲ್ಲಿ. "ಸರಗ ನಾ ಏಕವಚನದಾಗ ಬೈದೇನ್ರಿ. ನಮ್ಮಪ್ಪಗೂ ಹಂಗ ಅಂದಾಕಿ ಅಲ್ಲ ನಾ. ಅದು ಖರೇ ಅನಾಹುತ ಅಂತ ನನಗ ಮೊದಲ ತಿಳೀಲೇ ಇಲ್ರಿ."

"ಮತ್ತ ಏನಂತ ತಿಳದಿ?"

"ಹೊಸಾ ನಮೂನಿ ಪರೀಕ್ಷಾ ಅಂತ ತಿಳದೇನ್ರಿ! ನನ್ನ ನಪಾಸ್ ಮಾಡಾಕಂತ ಈ ಮನಷ್ಯಾ ತನಗ ತಾನ ಬೆಂಕಿ ಹಚ್ಕೊಂಡ್ನಲ್ಲಾ ಅಂತ ಸಿಟ್ಟು ಬಂತ್ರಿ. ಆ ಸಿಟ್ಟಿನ್ಯಾಗ ಮುದುಕಾ ಅಂದೆ. ಉರುಳ್ಸೂ ಮುಂದ ಬಿಸಿ ತಾಗಿದಾಗ ಗೊತ್ತಾತ್ರಿ ಖರೇ ಅಂತ. ಆಮ್ಯಾಲ ಇನ್ನೂ ಸಿಟ್ಟು ಬಂತ್ರಿ."

ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ಹಾಸಿಗೆಯಿಂದ ದನಿ ಬಂತು. ಕಣ್ಣು ಇನ್ನೂ ಮುಚ್ಚಿಯೇ ಇದ್ದವು.

"ಪಾಸ್."

"ಏನಂದ್ರಿ ಸರ?"

"ನಾಲ್ಕನೇ ಕ್ಲಾಸ್. ಪಾಸ್. ನಿಮ್ಮತ್ತಿಗೆ ಫೋನ್ ಹಚ್ರಿ ಯಾರರ."

ನಾನೇ ಹಚ್ಚಿದೆ. ಸ್ಪೀಕರ್ ಹಾಕಿ ಮಾಮಾನ ಬಾಯಿಯ ಹತ್ತಿರ ಹಿಡಿದೆ. "ಯಮ್ಮಾ, ನಾ ಹೆಡ್‌ಮಾಸ್ತರ. ನಿನ್ನ ಸೊಸಿ ಪಾಸ್ ಆಗ್ಯಾಳ. ಗಾಡಿ ಹಾಕಲಿ."

ಆ ಕಡೆಯಿಂದ ಮುದುಕಿಯ ಆತಂಕದ ದನಿ: "ಮಾಸ್ತರ, ಮೈಯಾಗ ಆರಾಮ ಅದೀರಿಲ್ಲೋ?"

"ದವಾಖಾನ್ಯಾಗ ಅದೀನಿ. ಆದ್ರ ತಲಿ ನೆಟ್ಟಗೈತಿ."

"ಹಂಗಾರ ಆಕಿ ಕೈಯಾಗ ಕೊಡ್ರಿ ಫೋನು. ಆಕಿಗೆ ಒಂದು ಮಾತು ಹೇಳಬೇಕು."

ಫೋನನ್ನು ಗಂಗವ್ವನ ಕಡೆ ಚಾಚಿದೆ. ಆಕೆ ಮುಂದೆ ಬಂದಳು, ಆದರೆ ತೆಗೆದುಕೊಳ್ಳಲಿಲ್ಲ. "ನೀವ ಹಿಡೀರಿ ಅಕ್ಕಾರ" ಎಂದು ಕಿವಿಯನ್ನಷ್ಟೇ ಮುಂದೆ ಮಾಡಿದಳು. ಮುದುಕಿ ಏನು ಹೇಳಿದಳೋ, ಗಂಗವ್ವ "ಹೂಂ ಅತ್ತಿ, ಹೂಂ" ಎಂದಳು. ಕಣ್ಣೀರು ಇಳಿದು ಗಲ್ಲದಿಂದ ತೊಟ್ಟಿಕ್ಕಿತು. ಅದನ್ನು ಒರೆಸಿಕೊಳ್ಳಲೂ ಆಕೆಯ ಕೈ ಸೆರಗಿನಿಂದ ಹೊರಗೆ ಬರಲಿಲ್ಲ.

ಮಾಮಾ ಕಣ್ಣು ತೆರೆದ.

"ಕೈ ತೋರಸು."

"ಏನಿಲ್ರಿ ಸರ. ನೀವು ಮಲಕ್ಕೋರಿ."

"ಗಂಗವ್ವಾ, ಕೈ ತೋರಸು."

ಆ ದನಿಗೆ ಅಳವಂಡಿಯಲ್ಲಿ ಯಾರೂ ಎದುರಾಡಿದವರಿಲ್ಲ. ಛಡಿ ಏಟಿಗೆ ಕೈ ಚಾಚುವ ಶಾಲೆಯ ಹುಡುಗಿಯ ಹಾಗೆ, ಮುಖ ಬೇರೆ ಕಡೆ ತಿರುಗಿಸಿ, ಎರಡೂ ಅಂಗೈ ಮುಂದೆ ಮಾಡಿದಳು. ಅಂಗೈ ತುಂಬ ಬೊಬ್ಬೆ. ಅದರ ಮೇಲೆ ಮನೆಯಲ್ಲಿ ಯಾರೋ ಟೂತ್‌ಪೇಸ್ಟ್ ಹಚ್ಚಿದ್ದರು. ಒಣಗಿ ಬಿರುಕು ಬಿಟ್ಟಿತ್ತು. ನಾವೆಲ್ಲ ಮಾಮಾನ ಕಾಲು ನೋಡಿದ್ದೆವು. ಈ ಕೈಗಳನ್ನು ಯಾರೂ ನೋಡಿರಲಿಲ್ಲ.

ನಾನು ಓಡಿಹೋಗಿ ನರ್ಸಮ್ಮನನ್ನು ಕರೆದುಕೊಂಡು ಬಂದೆ. ತೊಳೆಯಲು ನೀರು, ಹಚ್ಚಲು ಮುಲಾಮು ಹಿಡಿದುಕೊಂಡು ಆಕೆ ಲಗುಬಗೆಯಿಂದ ಬಂದವಳು, ಹಾಸಿಗೆಯ ಹತ್ತಿರ ಬಂದು ತಟ್ಟನೆ ನಿಂತುಬಿಟ್ಟಳು.

ಮಾಮಾ ಎದ್ದು ಕೂತಿದ್ದ. ಕಾಲಿನ ನೋವಿಗೆ ಮುಖ ಹಿಂಡಿಕೊಂಡಿತ್ತು. ಗಂಗವ್ವನ ಎರಡೂ ಕೈಗಳನ್ನು ತನ್ನ ಕೈಗಳ ಮೇಲೆ ತಾಗಿಯೂ ತಾಗದ ಹಾಗೆ ಇಟ್ಟುಕೊಂಡು, ಬಗ್ಗಿ, ಉಫ್ ಉಫ್ ಎಂದು ಊದುತ್ತಿದ್ದ.

"ಉರೀತೈತೇನು?" ಎಂದು ಕೇಳುತ್ತಿದ್ದ. ಉತ್ತರಕ್ಕೆ ಕಾಯದೆ ಮತ್ತೆ ಊದುತ್ತಿದ್ದ.

"ಬಿಡ್ರಿ ಸರ, ಮಂದಿ ನೋಡ್ತಾರ" ಎಂದಳು ಗಂಗವ್ವ. ಬಿಡಿಸಿಕೊಳ್ಳಲಿಲ್ಲ.

ನರ್ಸಮ್ಮ ಮುಲಾಮಿನ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದುಕೊಂಡು, ಅವನು ಊದಿ ಮುಗಿಸುವವರೆಗೆ ನಿಂತೇ ಇದ್ದಳು.